ಧರ್ಮವನ್ನು ಪಕ್ಕಕ್ಕಿಟ್ಟರೆ ಯಹೂದಿಗಳಿಗೂ ಅರಬರಿಗೂ ಶಾಂತಿ ಆಗುತ್ತದೆಯೇ?

ನೀವು ಕೇಳಿದ್ದು ಇಷ್ಟು: ಇಬ್ಬರೂ ತಮ್ಮ ತಮ್ಮ ಧರ್ಮವನ್ನು ಪಕ್ಕಕ್ಕಿಟ್ಟರೆ ಯಹೂದಿಗಳಿಗೂ ಅರಬರಿಗೂ ನಾಳೆಯೇ ಶಾಂತಿ ಆಗಲ್ವಾ, ದೇವರ ಹೆಸರು ನಡುವೆ ಇರುವಷ್ಟು ದಿನ ಈ ಜಗಳ ಮುಗಿಯುವುದುಂಟಾ?

ಹಾಗೆ ಆಗುವುದಿಲ್ಲ ಅನ್ನುವುದು ನನ್ನ ಉತ್ತರ. ಧರ್ಮವನ್ನು ಪಕ್ಕಕ್ಕಿಟ್ಟು ಒಮ್ಮೆ ಪ್ರಯತ್ನ ಮಾಡಿ ನೋಡಿಯಾಗಿದೆ. ಅದು ಮುರಿದುಬೀಳಲು ಹಾಗೆ ಪಕ್ಕಕ್ಕಿಟ್ಟಿದ್ದೂ ಒಂದು ಕಾರಣ. ಸ್ವಲ್ಪ ಉದ್ದ ಬರೆಯುತ್ತೇನೆ. ನಮ್ಮ ಉಡುಪಿ, ಮಂಗಳೂರು ಕಡೆಯ ಎಷ್ಟೋ ಜನರ ಹಾಗೆ ನಾನೂ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆಂದು ಇಸ್ರೇಲಿಗೆ ಹೋದವನು, ಜೆರುಸಲೇಮಿನಲ್ಲಿ ಕೆಲವು ವರ್ಷ ಇದ್ದವನು. ಹಾಗಾಗಿ ಇದನ್ನು ದೂರದ ವಿಷಯ ಅಂತ ಬರೆಯಲು ನನ್ನಿಂದ ಆಗುವುದಿಲ್ಲ.

ಮೊದಲು ಜಗಳದ ಬುಡ ನೋಡಿ. ಯಹೂದಿಗಳಿಗೆ ಒಂದು ದೇಶ ಬೇಕು ಅಂತ ಹೊರಟ ಥಿಯೋಡರ್ ಹರ್ಜಲ್ ಆಗಲಿ, ಇಸ್ರೇಲಿನ ಮೊದಲ ಪ್ರಧಾನಿ ಬೆನ್ ಗುರಿಯನ್ ಆಗಲಿ ಪೂಜೆ ಪ್ರಾರ್ಥನೆಯ ಮನುಷ್ಯರಲ್ಲ. ಆ ಕಾಲದ ಎಷ್ಟೋ ಸಂಪ್ರದಾಯಸ್ಥ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಈ ಚಳವಳಿಯನ್ನೇ ವಿರೋಧಿಸಿದ್ದರು. ಆ ಕಡೆ ಯಾಸರ್ ಅರಾಫತ್ ಕಾಲದ ಪಿಎಲ್ಒ (ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆ) ಕೂಡ ಧಾರ್ಮಿಕ ಸಂಘಟನೆ ಆಗಿರಲಿಲ್ಲ. ಅದರೊಳಗಿನ ತೀರಾ ಗಟ್ಟಿ ಗುಂಪೊಂದನ್ನು ಕಟ್ಟಿದ ಜಾರ್ಜ್ ಹಬಾಶ್ ಕ್ರೈಸ್ತ ಮನೆತನದವರು. ಜಗಳ ಹುಟ್ಟಿದ್ದು ನೆಲಕ್ಕೆ, ಮನೆಗೆ, ಯಾರ ಆಳ್ವಿಕೆ ಅನ್ನುವುದಕ್ಕೆ. ಜೆರುಸಲೇಮಿನ ಪಶ್ಚಿಮದ ಗೋಡೆ, ಅಲ್-ಅಕ್ಸಾ ಮಸೀದಿಯ ವಿಚಾರಕ್ಕೆ 1929ರಲ್ಲೇ ರಕ್ತ ಹರಿದದ್ದು ನಿಜ. ಹೆಬ್ರಾನಿನಲ್ಲಿ ಆಗ 67 ಯಹೂದಿಗಳನ್ನು ಕೊಂದರು, ಅದೇ ಊರಿನ ಅರಬ್ ಮನೆಗಳವರು ತುಂಬಾ ಜನರನ್ನು ಬಚ್ಚಿಟ್ಟು ಉಳಿಸಿದರು. ಆದರೆ ಎರಡೂ ಕಡೆ ಧರ್ಮ ರಾಜಕೀಯದ ಮುಂದಿನ ಸಾಲಿಗೆ ಬಂದಿದ್ದು ಇಸ್ರೇಲ್ ಪಶ್ಚಿಮ ದಂಡೆ, ಗಾಜಾ ವಶಪಡಿಸಿಕೊಂಡ 1967ರ ಯುದ್ಧದ ನಂತರ. ವಶವಾದ ನೆಲ ದೇವರೇ ಕೊಟ್ಟದ್ದು, ಬಿಡಬಾರದು ಅನ್ನುವ ಗುಷ್ ಎಮುನಿಮ್ ಚಳವಳಿ ಶುರುವಾಗಿದ್ದು 1974ರಲ್ಲಿ. ಈ ನೆಲ ಪೂರ್ತಿ ವಕ್ಫ್, ಅಂದರೆ ದೇವರಿಗೆ ಬಿಟ್ಟದ್ದು, ಒಂದು ಅಂಗುಲವೂ ಬಿಡಬಾರದು ಅನ್ನುವ ಹಮಾಸ್ 1987ರಲ್ಲಿ.

ಅಷ್ಟು ಹೊತ್ತಿಗೆ ಸಾಮಾನ್ಯ ಜನರ ಮನಸ್ಸಿನಲ್ಲಿ ಇದು ದೇವರ ಲೆಕ್ಕಕ್ಕೆ ಸೇರಿಹೋಗಿತ್ತು. ಆದರೆ 1993ರಲ್ಲಿ ಇಸ್ರೇಲ್ ಮತ್ತು ಪಿಎಲ್ಒ ನಡುವೆ ಓಸ್ಲೋ ಶಾಂತಿ ಒಪ್ಪಂದ ಮಾಡಿದವರು ಅದನ್ನು ಗಡಿ, ಪೊಲೀಸ್, ತೆರಿಗೆ ಇವುಗಳ ಮಾತಾಗಿಯೇ ನೋಡಿದರು. ಜೆರುಸಲೇಮ್ ವಿಷಯವನ್ನು ಆಮೇಲೆ ನೋಡೋಣ ಅಂತ ಮುಂದೂಡಿದರು. ರಬ್ಬಿಗಳನ್ನಾಗಲೀ ಶೇಖ್‌ಗಳನ್ನಾಗಲೀ ಕರೆದು ಕೂರಿಸಲಿಲ್ಲ. ಆಮೇಲೆ ಏನಾಯಿತು? 1994ರ ಫೆಬ್ರವರಿ 25ರಂದು ಬರೂಖ್ ಗೋಲ್ಡ್‌ಸ್ಟೈನ್ ಅನ್ನುವ ಯಹೂದಿ ವೈದ್ಯ ಹೆಬ್ರಾನಿನ ಇಬ್ರಾಹಿಮಿ ಮಸೀದಿಗೆ ನುಗ್ಗಿ ರಂಜಾನ್ ತಿಂಗಳಲ್ಲಿ ನಮಾಜು ಮಾಡುತ್ತಿದ್ದ 29 ಜನರನ್ನು ಗುಂಡಿಟ್ಟು ಕೊಂದ. ಸತ್ತವರ ನಲವತ್ತು ದಿನದ ಶೋಕ ಮುಗಿಯುವ ಹೊತ್ತಿಗೆ ಅಫುಲಾ ಊರಿನಲ್ಲಿ ಬಸ್ಸಿನ ಪಕ್ಕ ಹಮಾಸ್ ಬಾಂಬ್ ಸ್ಫೋಟಿಸಿತು. 1995ರ ನವೆಂಬರ್ 4ರಂದು ಇಸ್ರೇಲ್ ಪ್ರಧಾನಿ ರಬಿನ್ ಅವರನ್ನು ಕೊಂದ ಯಹೂದಿ ಯಿಗಾಲ್ ಅಮೀರ್ ಕೂಡ ಧರ್ಮಶಾಸ್ತ್ರದ ಮಾತನ್ನೇ ಸಮರ್ಥನೆಗೆ ತಂದ. ಒಪ್ಪಂದ ಬರೆದವರ ಲೆಕ್ಕದಲ್ಲಿ ಈ ಜನ ಇರಲೇ ಇಲ್ಲ. ಒಪ್ಪಂದ ಮುರಿಯಲು ಮಾತ್ರ ಈ ಜನರೇ ಸಾಕಾದರು.

ಇಲ್ಲಿಗೆ ನಿಲ್ಲಿಸಿದರೆ "ನೋಡಿ, ಧರ್ಮದ್ದೇ ತಪ್ಪು" ಅಂತ ನೀವು ಹೇಳಬಹುದು. ಅದಕ್ಕೇ ನಾನು ನೋಡಿಕೊಳ್ಳುತ್ತಿದ್ದ ಅಜ್ಜಿಯ ವಿಷಯ ಹೇಳುತ್ತೇನೆ.

ಅವರು ಬಾಗ್ದಾದಿನ ಯಹೂದಿ. ಅಲ್ಲಿನ 1941ರ ಜೂನ್ ಗಲಭೆಯಲ್ಲಿ ಮನೆಯವರ ಜೊತೆ ಮಾಳಿಗೆಯಲ್ಲಿ ಅಡಗಿ ಕುಳಿತವರು. ಆಮೇಲೆ 1951ರಲ್ಲಿ ಎಲ್ಲ ಬಿಟ್ಟು ವಿಮಾನ ಹತ್ತಿದವರು. ಇರಾಕಿನ ಯಹೂದಿಗಳಲ್ಲಿ ಲಕ್ಷಕ್ಕಿಂತ ಜಾಸ್ತಿ ಜನ ಆ ಒಂದೆರಡು ವರ್ಷದಲ್ಲೇ ಹಾಗೆ ಬಂದರು. ಜೆರುಸಲೇಮಿನಲ್ಲಿ ಅವರಿದ್ದದ್ದು ಕತಮೋನ್ ಬಡಾವಣೆ. ಅಲ್ಲಿನ ಹಳೆಯ ಕಲ್ಲಿನ ಮನೆಗಳೆಲ್ಲ 1948ರಲ್ಲಿ ಊರು ಬಿಟ್ಟ ಅರಬ್ ಕುಟುಂಬಗಳವು. ಅವರನ್ನು ಮತ್ತೆ ಬರಲು ಬಿಡಲಿಲ್ಲ. ಮನೆ ಕಳೆದುಕೊಂಡ ಅಜ್ಜಿ, ಮನೆ ಕಳೆದುಕೊಂಡ ಇನ್ನೊಬ್ಬರ ಬೀದಿಯಲ್ಲಿ. ಅವರು ಈಜಿಪ್ಟಿನ ಗಾಯಕಿ ಉಮ್ಮ್ ಕುಲ್ಸುಮ್ ಹಾಡುಗಳನ್ನು ಅರಬ್ಬಿಯಲ್ಲೇ ಕೇಳುತ್ತಿದ್ದರು, ಅರಬರನ್ನು ನಂಬಬಾರದು ಅಂತಲೂ ಹೇಳುತ್ತಿದ್ದರು. ಆಸ್ಪತ್ರೆಗೆ ಹೋದಾಗ ಮಾತ್ರ ಸೂಜಿ ಚುಚ್ಚಲು ಅಲ್ಲಿದ್ದ ಒಬ್ಬ ಅರಬ್ ನರ್ಸೇ ಬೇಕು ಅಂತ ಹಟ. ಆ ನರ್ಸಮ್ಮ ಶುಕ್ರವಾರ ಡ್ಯೂಟಿ ಮುಗಿಸಿ ಹೋಗುವಾಗ ತಲೆವಸ್ತ್ರ ಸರಿಮಾಡಿಕೊಳ್ಳುತ್ತಾ "ಶಬ್ಬಾತ್ ಶಲೋಮ್ ಅಜ್ಜಿ" ಅಂತ ಯಹೂದಿಗಳ ಶನಿವಾರದ ಹಬ್ಬದ ಶುಭಾಶಯ ಹೇಳುತ್ತಿದ್ದರು, ಅಜ್ಜಿ ಅರಬ್ಬಿಯಲ್ಲಿ ಹರಸುತ್ತಿದ್ದರು.

ಅಜ್ಜಿಯ ಕೋಣೆಯ ಗೋಡೆಯಲ್ಲಿ ಒಂದು ಫೋಟೋ. ಕಪ್ಪು ಕನ್ನಡಕ, ರುಮಾಲು, ಚಿನ್ನದ ಕಸೂತಿಯ ನಿಲುವಂಗಿ. ರಬ್ಬಿ ಒವಾದಿಯಾ ಯೋಸೆಫ್. ಅವರೂ ಬಾಗ್ದಾದಿನಲ್ಲಿ ಹುಟ್ಟಿದವರು. 2013ರಲ್ಲಿ ತೀರಿಕೊಂಡಾಗ ಲಕ್ಷಗಟ್ಟಲೆ ಜನ ಜೆರುಸಲೇಮಿನ ಬೀದಿಯಲ್ಲಿ ಸೇರಿದ್ದರು. ಅರಬರ ಬಗ್ಗೆ ಅವರು ಕೆಟ್ಟದಾಗಿ ಮಾತಾಡಿದ್ದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಈಜಿಪ್ಟ್ ಜೊತೆ ಶಾಂತಿ ಆಗುತ್ತಿದ್ದ ಕಾಲದಲ್ಲಿ ಇದೇ ರಬ್ಬಿ ಒಂದು ಧರ್ಮನಿರ್ಣಯ ಕೊಟ್ಟರು: ನೆಲ ಬಿಟ್ಟುಕೊಟ್ಟರೆ ನಿಜವಾಗಿ ಪ್ರಾಣ ಉಳಿಯುತ್ತದೆ ಅಂತಾದರೆ ನೆಲ ಬಿಡಬಹುದು, ಪ್ರಾಣ ಉಳಿಸುವುದು ಅದಕ್ಕಿಂತ ದೊಡ್ಡ ಧರ್ಮ. ಓಸ್ಲೋ ಒಪ್ಪಂದ ಇಸ್ರೇಲ್ ಸಂಸತ್ತಿಗೆ ಬಂದಾಗ ಅವರನ್ನು ಗುರುವಾಗಿ ನಂಬುವ ಶಾಸ್ ಪಕ್ಷ ವಿರುದ್ಧ ಮತ ಹಾಕದೆ ತಟಸ್ಥವಾಗಿ ಉಳಿಯಿತು. ಮುಂದೆ ರಕ್ತಪಾತ ನಿಲ್ಲದಿದ್ದಾಗ, ತಾನು ಹೇಳಿದ್ದು ಇಂಥ ಶಾಂತಿಗಲ್ಲ ಅಂತ ಅವರೇ ಹಿಂದೆ ಸರಿದರು. ಆದರೂ ನಾನು ಅಜ್ಜಿಯನ್ನು ಕೇಳಿದಾಗ ಅವರು ಫೋಟೋ ಕಡೆ ಕೈ ತೋರಿಸಿ, "ಅವರು ಕೊಡು ಅಂದರೆ ಕೊಡುತ್ತೇನೆ, ಟಿವಿಯಲ್ಲಿ ಬರುವ ಆ ಪ್ರೊಫೆಸರ್ ಹೇಳಿದರೆ ಕೊಡುವುದಿಲ್ಲ" ಅಂದರು. ಇದೇ ನಾನು ಹೇಳಬೇಕಾದ ಮಾತು. ಈ ಅಜ್ಜಿಯಂಥವರು ಎರಡೂ ಕಡೆ ಲಕ್ಷಾಂತರ ಇದ್ದಾರೆ. ಅವರಿಗೆ ನಂಬಿಕೆ ಬಿಡಿ ಅಂದರೆ ಯಾರೂ ಬಿಡುವುದಿಲ್ಲ. ಅವರು ನಂಬುವ ಬಾಯಿಂದಲೇ ಶಾಂತಿಯ ಮಾತು ಬರಬೇಕು.

ಮುಸ್ಲಿಮರ ಕಡೆಯೂ ಹೀಗೇ. ಈಜಿಪ್ಟಿನ ಅಧ್ಯಕ್ಷ ಸಾದತ್ 1977ರ ನವೆಂಬರಿನಲ್ಲಿ ಜೆರುಸಲೇಮಿಗೆ ಹೋಗಿ ಅಲ್-ಅಕ್ಸಾದಲ್ಲಿ ನಮಾಜು ಮಾಡಿ ಬಂದರು. 1979ರ ಒಪ್ಪಂದ ಧರ್ಮಸಮ್ಮತ ಅಂತ ಕೈರೋದ ಇಸ್ಲಾಮಿಕ್ ವಿದ್ಯಾಪೀಠ ಅಲ್-ಅಜ್ಹರ್ ಹೇಳಿತು. ವೈರಿ ಶಾಂತಿಯ ಕಡೆ ವಾಲಿದರೆ ನೀವೂ ವಾಲಿ ಅನ್ನುವ ಕುರಾನಿನ ವಚನವೂ, ಪ್ರವಾದಿಗಳು 628ರಲ್ಲಿ ಮೆಕ್ಕಾದವರ ಜೊತೆ ಮಾಡಿಕೊಂಡ ಹುದೈಬಿಯಾ ಒಪ್ಪಂದವೂ ಆಗ ಮುಂದೆ ಬಂದವು. ಸಾದತ್‌ರನ್ನು 1981ರಲ್ಲಿ ಉಗ್ರರು ಕೊಂದರು. ಒಪ್ಪಂದ ಮಾತ್ರ ಸಾಯಲಿಲ್ಲ, ಇವತ್ತಿಗೂ ಇದೆ. ಅದು ಪ್ರೀತಿಯ ಶಾಂತಿಯೇನಲ್ಲ, ಎರಡು ದೇಶಗಳ ಜನ ಹೋಗಿಬಂದು ಮಾಡುವುದೂ ಕಡಿಮೆ. ಆದರೆ ಅಂದಿನಿಂದ ಆ ಎರಡು ದೇಶಗಳ ನಡುವೆ ಯುದ್ಧ ಆಗಿಲ್ಲ. ನನಗೆ ಅಷ್ಟು ಸಾಕು.

ಇಸ್ರೇಲಿನೊಳಗಿನ ಶೇಖ್ ಅಬ್ದುಲ್ಲಾ ನಿಮರ್ ದರ್ವೀಶ್ ಅವರ ಬಗ್ಗೆ ನಮ್ಮಲ್ಲಿ ಗೊತ್ತಿರುವವರು ಕಡಿಮೆ. ಅಲ್ಲಿ ಇಸ್ಲಾಮಿಕ್ ಚಳವಳಿ ಕಟ್ಟಿದ್ದೇ ಅವರು. 80ರ ದಶಕದ ಶುರುವಿನಲ್ಲಿ ಜೈಲಿಗೆ ಹೋಗಿ ಬಂದ ಮೇಲೆ ಹಿಂಸೆಯ ದಾರಿ ಬಿಟ್ಟರು. ಮುಂದೆ ರಬ್ಬಿ ಮೈಕೆಲ್ ಮೆಲ್ಕಿಯೋರ್ ಜೊತೆ ಸೇರಿ ಎರಡೂ ಕಡೆಯ ಕಟ್ಟಾ ಧಾರ್ಮಿಕರನ್ನು ಮಾತಿಗೆ ಕೂರಿಸುವ ಕೆಲಸವನ್ನು 2017ರಲ್ಲಿ ಸಾಯುವವರೆಗೂ ಮಾಡಿದರು. 2002ರ ಜನವರಿಯಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ರಬ್ಬಿಗಳು, ಶೇಖ್‌ಗಳು, ಬಿಷಪ್ಪರು ಸೇರಿ, ದೇವರ ಹೆಸರಲ್ಲಿ ಅಮಾಯಕರನ್ನು ಕೊಲ್ಲುವುದು ದೇವರ ಹೆಸರಿಗೇ ಅಪಚಾರ ಅಂತ ಘೋಷಣೆ ಹೊರಡಿಸಿದರು. ಅದರಿಂದ ಯುದ್ಧ ನಿಂತಿತಾ ಅಂತ ಕೇಳಿದರೆ ಇಲ್ಲ. ಸರ್ಕಾರಗಳು ಅವರ ಹಿಂದೆ ನಿಲ್ಲಲಿಲ್ಲ.

ಪವಿತ್ರ ಜಾಗಗಳ ಮಾತು ಬಿಟ್ಟರೆ ಉತ್ತರ ಅರ್ಧವಾಗುತ್ತದೆ. ಅಲ್-ಅಕ್ಸಾ ಇರುವ ದಿಬ್ಬವೇ ಯಹೂದಿಗಳ ಹಳೆಯ ದೇವಾಲಯ ಇದ್ದ ಜಾಗ. 1967ರಲ್ಲಿ ಹಳೆಯ ನಗರ ಇಸ್ರೇಲಿನ ಕೈಗೆ ಬಂದಾಗ ರಕ್ಷಣಾ ಸಚಿವ ಮೋಶೆ ದಯಾನ್ ಒಂದು ಏರ್ಪಾಡು ಮಾಡಿದರು: ಒಳಗಿನ ಆಡಳಿತ ಮುಸ್ಲಿಮರ ವಕ್ಫ್ ಮಂಡಳಿಯದ್ದು, ಯಹೂದಿಗಳು ನೋಡಲು ಹೋಗಬಹುದು, ಪ್ರಾರ್ಥನೆ ಕೆಳಗೆ ಪಶ್ಚಿಮದ ಗೋಡೆಯ ಹತ್ತಿರ. ಆ ಗೋಡೆಯ ಪಕ್ಕದಿಂದ ಮೇಲೆ ಹೋಗುವ ದಾರಿಯಲ್ಲಿ ಮುಖ್ಯ ರಬ್ಬಿಗಳ ಕಚೇರಿ ಹಾಕಿದ ಫಲಕವಿದೆ. ಜಾಗದ ಪಾವಿತ್ರ್ಯದ ಕಾರಣಕ್ಕೆ ಅಲ್ಲಿಗೆ ಹೋಗುವುದು ಯಹೂದಿ ಧರ್ಮಗ್ರಂಥ ತೋರಾ ಪ್ರಕಾರ ನಿಷಿದ್ಧ ಅಂತ ಅದರಲ್ಲಿ ಬರೆದಿದೆ. ಆ ಫಲಕ ದಾಟಿ ಹೋಗುವವರೇ ಈಗ ಹೆಚ್ಚುತ್ತಿದ್ದಾರೆ, ಅವರಲ್ಲಿ ಮಂತ್ರಿಯೂ ಒಬ್ಬರು. ಅಂದರೆ ಇಲ್ಲಿ ಹಳೆಯ ಶಾಸ್ತ್ರವೇ ಶಾಂತಿ ಕಾಯುತ್ತಿತ್ತು, ಅದನ್ನು ಮೀರಿದ್ದು ಹೊಸ ರಾಜಕೀಯ.

2017ರ ಜುಲೈಯಲ್ಲಿ ನಾನು ಅಲ್ಲೇ ಇದ್ದೆ. ದಿಬ್ಬದ ಬಾಗಿಲಲ್ಲಿ ಇಬ್ಬರು ಪೊಲೀಸರ ಕೊಲೆಯಾದ ಮೇಲೆ ಇಸ್ರೇಲ್ ಮೆಟಲ್ ಡಿಟೆಕ್ಟರ್ ಇಟ್ಟಿತು. ಜನ ಅದರ ಮೂಲಕ ಒಳಗೆ ಹೋಗುವುದಿಲ್ಲ ಅಂತ ಸಿಂಹದ್ವಾರದ ಹೊರಗೆ ಡಾಂಬರು ರಸ್ತೆಯ ಮೇಲೆ ಬಿಸಿಲಲ್ಲೇ ಸಾಲು ಸಾಲಾಗಿ ನಮಾಜು ಮಾಡಿದರು. ಕೆಲವರು ರಟ್ಟು ಹಾಸಿಕೊಂಡಿದ್ದರು, ಒಬ್ಬ ಹುಡುಗ ತನ್ನ ಅಂಗಿಯನ್ನೇ ಬಿಚ್ಚಿ ಅಜ್ಜನ ಮಂಡಿಯ ಕೆಳಗೆ ಹಾಸಿದ್ದ. ಎರಡು ವಾರ ತುಂಬುವ ಮೊದಲೇ ಯಂತ್ರಗಳನ್ನು ತೆಗೆದರು. ಪೊಲೀಸರ ದೃಷ್ಟಿಯಲ್ಲಿ ಅದು ಬಾಗಿಲಲ್ಲಿ ಇಡುವ ಒಂದು ಯಂತ್ರ, ಅಷ್ಟೇ. ಈ ಜನರ ದೃಷ್ಟಿಯಲ್ಲಿ, ಇವತ್ತು ಬಾಗಿಲು ಯಾರದ್ದು ಅಂತ ಒಪ್ಪಿದರೆ ನಾಳೆ ಮಸೀದಿ ಯಾರದ್ದು ಅನ್ನುವ ಪ್ರಶ್ನೆ ಬರುತ್ತದೆ. ಮೊದಲೇ ವಕ್ಫ್‌ನವರನ್ನು ಕೂರಿಸಿ ಮಾತಾಡಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ.

ಅಲ್ಲಿಂದ ಸ್ವಲ್ಪ ದೂರದಲ್ಲೇ ಯೇಸುವಿನ ಸಮಾಧಿಯ ಚರ್ಚು. ಅದರ ದೊಡ್ಡ ಬಾಗಿಲಿನ ಬೀಗದ ಕೈ ಇರುವುದು ಒಂದು ಮುಸ್ಲಿಂ ಮನೆತನದಲ್ಲಿ, ಬಾಗಿಲು ತೆರೆಯುವುದು ಇನ್ನೊಂದು ಮುಸ್ಲಿಂ ಮನೆತನ. ಶತಮಾನಗಳಿಂದ ಹೀಗೇ ನಡೆದಿದೆ. ಒಳಗಿನ ಕ್ರೈಸ್ತ ಪಂಗಡಗಳ ನಡುವೆ ಪ್ರೀತಿ ಉಕ್ಕಿ ಹರಿಯುತ್ತಿದೆ ಅಂತೇನಲ್ಲ. ಎಲ್ಲರೂ ಒಪ್ಪಿದ ಕಟ್ಟುಪಾಡು ಇದೆ, ಅದನ್ನು ಮುರಿಯಲು ಎಲ್ಲರಿಗೂ ಭಯ ಇದೆ. ಯಹೂದಿ, ಮುಸ್ಲಿಮರ ನಡುವೆಯೂ ಮೊದಲು ಬೇಕಾಗಿರುವುದು ಇಂಥದ್ದೇ.

ಒಂದು ಎಚ್ಚರಿಕೆ ಹೇಳಲೇಬೇಕು. ರಬ್ಬಿ, ಶೇಖ್ ಕೈಕುಲುಕಿದ ಫೋಟೋದಿಂದ ಪಶ್ಚಿಮ ದಂಡೆಯ ಚೆಕ್‌ಪೋಸ್ಟ್ ಮಾಯ ಆಗುವುದಿಲ್ಲ. ಪ್ಯಾಲೆಸ್ತೀನಿಯರಿಗೆ ಅವರದ್ದೇ ಆಳ್ವಿಕೆ ಇಲ್ಲದೆ, ಇಸ್ರೇಲಿನವರಿಗೆ ರಾತ್ರಿ ನೆಮ್ಮದಿಯಿಂದ ಮಲಗುವ ಭರವಸೆ ಇಲ್ಲದೆ ಯಾವ ಧರ್ಮವೂ ಶಾಂತಿ ತರಲಾರದು. 2023ರ ಅಕ್ಟೋಬರ್ 7ರಂದು ಹಮಾಸ್ ಮತ್ತು ಅದರ ಜೊತೆಗಾರರು ಸುಮಾರು 1200 ಜನರನ್ನು ಕೊಂದರು, 251 ಜನರನ್ನು ಎಳೆದೊಯ್ದರು. ನಂತರದ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರು 60 ಸಾವಿರಕ್ಕೂ ಹೆಚ್ಚು ಅಂತ ಅಲ್ಲಿನ ಆರೋಗ್ಯ ಇಲಾಖೆ ಹೇಳುತ್ತದೆ. ಅದರಲ್ಲಿ ಮಕ್ಕಳೇ ಎಷ್ಟು ಸಾವಿರ. ಎರಡೂ ಕಡೆ ದೇವರ ಹೆಸರು ಹೇಳಿಕೊಂಡೇ ಇದನ್ನು ಮಾಡಿದವರಿದ್ದಾರೆ. ಅಲ್ಲಿ ಗೊತ್ತಿರುವ ಮುಖಗಳು ಇರುವ ನನಗೆ, ಊರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಕಡೆಯ ಹೆಣಗಳಿಗೆ ಮಾತ್ರ ಅಳುವುದನ್ನು ಓದಲು ಆಗುತ್ತಿರಲಿಲ್ಲ.

ಹಾಗಾದರೆ ಆಸೆ ಇದೆಯಾ? ಸದ್ಯಕ್ಕೆ ತುಂಬಾ ಕಡಿಮೆ. ಆದರೆ ಇಟ್ಝಾಕ್ ಫ್ರಾಂಕೆಂಥಾಲ್ ಅನ್ನುವ ಧರ್ಮನಿಷ್ಠ ಯಹೂದಿ, ಮಗನನ್ನು 1994ರಲ್ಲಿ ಹಮಾಸ್ ಅಪಹರಿಸಿ ಕೊಂದ ಮೇಲೆ, ಎರಡೂ ಕಡೆ ಮಕ್ಕಳನ್ನು ಕಳೆದುಕೊಂಡವರ ವೇದಿಕೆ ಕಟ್ಟಿದರು. ಅದು ಈ ಯುದ್ಧದಲ್ಲೂ ಮುಚ್ಚಿಲ್ಲ. ಶೇಖ್ ದರ್ವೀಶರ ಶಿಷ್ಯ ಮನ್ಸೂರ್ ಅಬ್ಬಾಸ್ 2021ರ ಮೇ ಗಲಭೆಯಲ್ಲಿ ಲೋದ್ ಊರಿನ ಸುಟ್ಟ ಸಿನಗಾಗಿಗೆ (ಯಹೂದಿ ಪ್ರಾರ್ಥನಾ ಮಂದಿರಕ್ಕೆ) ತಾವೇ ಹೋಗಿ, ಮತ್ತೆ ಕಟ್ಟಲು ನೆರವಾಗುತ್ತೇವೆ ಅಂದರು. ಅದಕ್ಕೆ ತಮ್ಮವರಿಂದಲೇ ಬೈಸಿಕೊಂಡರು. ಮುಂದಿನ ತಿಂಗಳು ಅವರ ಇಸ್ಲಾಮಿಕ್ ಪಕ್ಷ, ಕಿಪ್ಪಾ (ಧರ್ಮನಿಷ್ಠ ಯಹೂದಿಗಳ ಪುಟ್ಟ ಟೋಪಿ) ಧರಿಸುವ ಪ್ರಧಾನಿ ನಫ್ತಾಲಿ ಬೆನೆಟ್ ಅವರ ಸರ್ಕಾರಕ್ಕೆ ಸೇರಿತು. ಆ ಸರ್ಕಾರ ಸುಮಾರು ಒಂದು ವರ್ಷಕ್ಕೇ ಬಿದ್ದುಹೋಯಿತು ನಿಜ, ಆದರೆ ದೇವರನ್ನು ಬಿಡದ ಇಬ್ಬರು ಒಂದೇ ಮೇಜಿನಲ್ಲಿ ಬಜೆಟ್ ಪಾಸು ಮಾಡಿದ್ದರು. ನೀವು ಮುಂದೆ ಯಾವುದೇ ಶಾಂತಿ ಮಾತುಕತೆಯ ಸುದ್ದಿ ಓದಿದರೆ, ಮೇಜಿನ ಸುತ್ತ ಇಂಥವರು ಇದ್ದಾರಾ, ಅಥವಾ ಬರೀ ಸೂಟು ಹಾಕಿದ ಅಧಿಕಾರಿಗಳಾ ಅಂತ ಮೊದಲು ನೋಡಿ. ನಾನಂತೂ ಅದನ್ನೇ ಹುಡುಕುತ್ತೇನೆ.