ಕೇಸ್ ಕ್ಲೀನ್ ಮಾಡಿದ ಮೇಲೆ ಕಂಪ್ಯೂಟರ್ ಜಾಸ್ತಿ ಬಿಸಿಯಾಗ್ತಿದೆ, ಫ್ಯಾನ್ ಜೋರಾಗಿ ಸದ್ದು ಮಾಡ್ತಿದೆ. ಯಾಕೆ?

ಧೂಳು ತೆಗೆದ ಮೇಲೆ ಬಿಸಿ ಕಡಿಮೆಯಾಗಬೇಕಿತ್ತು, ಅಲ್ವಾ? ಜಾಸ್ತಿಯಾಗಿದೆ ಅಂದ್ರೆ ಕ್ಲೀನ್ ಮಾಡುವಾಗ ಏನೋ ಅಲುಗಾಡಿದೆ. ನನ್ನ ಮೊದಲ ಅನುಮಾನ ಸಿಪಿಯು (ಕೇಸ್ ಅಲ್ಲ, ಒಳಗಿನ ಪ್ರೊಸೆಸರ್ ಚಿಪ್) ಮೇಲೆ ಕೂತು ಅದರ ಬಿಸಿ ಹೀರುವ ಲೋಹದ ತುಂಡು, ಅಂದ್ರೆ ಹೀಟ್‌ಸಿಂಕ್ ಮೇಲೆ.

ಮೊದಲು ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ಸ್ ಪರದೆ) ಸಿಪಿಯು ತಾಪಮಾನ ನೋಡಿ. ಆನ್ ಮಾಡಿದ ಒಂದೆರಡು ನಿಮಿಷದಲ್ಲೇ 90 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದರೆ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ ಅಂತಲೇ ಲೆಕ್ಕ. ತಕ್ಷಣ ಆಫ್ ಮಾಡಿ, ಪ್ಲಗ್ ಕಿತ್ತು, ಹೀಟ್‌ಸಿಂಕ್ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಪ್ಲಾಸ್ಟಿಕ್ ಪಿನ್ ಒತ್ತಿ ಕೂರಿಸುವ ಕೂಲರ್ (ಹೀಟ್‌ಸಿಂಕ್, ಫ್ಯಾನ್ ಸೇರಿದ ಜೋಡಿ) ಆದರೆ ನಾಲ್ಕರಲ್ಲಿ ಒಂದು ಪಿನ್ ಎದ್ದಿರೋದು ತುಂಬಾ ಸಾಮಾನ್ಯ. ಮೇಲಿಂದ ನೋಡಿದರೆ ಕೂತ ಹಾಗೇ ಕಾಣುತ್ತೆ. ಮದರ್‌ಬೋರ್ಡಿನ ಹಿಂದೆ ನೋಡಿದರೆ ಆ ಪಿನ್ನಿನ ತುದಿ ಪೂರ್ತಿ ಹೊರಗೆ ಬಂದಿರೋದಿಲ್ಲ.

ಹೀಟ್‌ಸಿಂಕ್ ಒಮ್ಮೆ ಎತ್ತಿದ್ದರೆ ಹಳೇ ಥರ್ಮಲ್ ಪೇಸ್ಟ್ (ಸಿಪಿಯುನಿಂದ ಹೀಟ್‌ಸಿಂಕ್‌ಗೆ ಬಿಸಿ ದಾಟಿಸಲು ನಡುವೆ ಹಚ್ಚುವ ಅಂಟು) ಮೇಲೇ ವಾಪಸ್ ಕೂರಿಸಬೇಡಿ. ನಡುವೆ ಗಾಳಿ ಸೇರಿ ಬಿಸಿ ದಾಟೋದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಸಿಪಿಯು, ಹೀಟ್‌ಸಿಂಕ್ ಎರಡರ ಮೇಲಿನ ಹಳೇ ಪೇಸ್ಟ್ ಒರೆಸಿ, ಸಿಪಿಯು ಮಧ್ಯದಲ್ಲಿ ಹೊಸ ಪೇಸ್ಟಿನ ಒಂದು ಚಿಕ್ಕ ಹನಿ ಹಾಕಿ. ಸುಮ್ನೆ ಜಾಸ್ತಿ ಬಳಿಯೋದು ಬೇಡ.

ಆಮೇಲೆ ಫ್ಯಾನ್. ರೆಕ್ಕೆಗೆ ವೈರ್ ತಾಗ್ತಿದ್ರೆ ಟಕಟಕ ಸದ್ದು ಬರುತ್ತೆ. ಸಿಪಿಯು ಫ್ಯಾನಿನ ವೈರ್ ಬೇರೆ ಜಾಗಕ್ಕೆ ಚುಚ್ಚಿದ್ದರೆ ವೇಗದ ನಿಯಂತ್ರಣ ತಪ್ಪುತ್ತೆ. ಕೇಸ್ ಫ್ಯಾನ್ ಬಿಚ್ಚಿದ್ದರೆ ದಿಕ್ಕೂ ನೋಡಿ: ಸಾಮಾನ್ಯವಾಗಿ ಅಡ್ಡಪಟ್ಟಿಗಳಿರುವ ಬದಿಯಿಂದ ಗಾಳಿ ಹೊರಬರುತ್ತೆ.

ಇನ್ನೊಂದು, ಗಾಳಿ ಊದುವಾಗ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿದ್ರಾ? ಬಿಟ್ಟಿದ್ದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗಿರಬಹುದು. ಗರಗರ ಸದ್ದು ನಿಲ್ಲದಿದ್ದರೆ ಫ್ಯಾನ್ ಬದಲಿಸಿ.