ಮೊಮ್ಮಗ ಹ್ಯಾಕಿಂಗ್ ಕಲಿಯಲಿ ಬಿಡಿ, ಅಕ್ಕೋರೇ

ಅಂಕೋಲೆಯ ನಿವೃತ್ತ ಶಿಕ್ಷಕಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮೊಮ್ಮಗ ಕಾರವಾರದಲ್ಲಿ ಬಿಸಿಎ ಎರಡನೇ ವರ್ಷ ಓದುತ್ತಿದ್ದಾನೆ. ಎಥಿಕಲ್ ಹ್ಯಾಕಿಂಗ್, ಅಂದರೆ ಮಾಲೀಕರ ಅನುಮತಿ ಪಡೆದು ಕಂಪ್ಯೂಟರಿನ ತೂತು ಹುಡುಕುವ ವಿದ್ಯೆ, ಕಲಿಯುತ್ತೇನೆಂದು ಹಟ ಹಿಡಿದಿದ್ದಾನಂತೆ. ಅವರ ಮಾತಿನಲ್ಲೇ ಕೇಳಿ: "ಬೀಗ ಒಡೆಯಲು ಕಲಿತವನು ಒಂದಲ್ಲ ಒಂದು ದಿನ ಯಾರದ್ದಾದರೂ ಬಾಗಿಲಿಗೆ ಕೈ ಹಾಕದೇ ಇರುತ್ತಾನೆಯೇ? ಮೊನ್ನೆ ನಮ್ಮ ಪಕ್ಕದ ಮನೆಯವರಿಗೆ ಬ್ಯಾಂಕಿನವರೆಂದು ಫೋನ್ ಮಾಡಿ, ಒಟಿಪಿ ಕೇಳಿ, ಖಾತೆ ಬರಿದು ಮಾಡಿದರು. ಅದೇ ವಿದ್ಯೆಯನ್ನು ನಮ್ಮ ಹುಡುಗನೂ ಕಲಿಯಬೇಕೇ?"

ಅಕ್ಕೋರೇ, ಮೂರು ಪುಟದ ಪತ್ರದಲ್ಲಿ ಒಂದೂ ಚಿತ್ತಿಲ್ಲ. ಇಷ್ಟು ಕಾಳಜಿಯಿಂದ ಬರೆಯುವ ಅಜ್ಜಿ ಇರುವ ಹುಡುಗ ಪುಣ್ಯವಂತ. ಆದರೆ ನಿಮ್ಮ ಲೆಕ್ಕ ಮೊದಲ ಸಾಲಿನಲ್ಲೇ ತಪ್ಪಿದೆ. ಪಕ್ಕದ ಮನೆಯವರ ದುಡ್ಡು ಹೋದದ್ದರಲ್ಲಿ ಹ್ಯಾಕಿಂಗ್ ಎಲ್ಲಿದೆ? ಅಲ್ಲಿ ಯಾವ ಕಂಪ್ಯೂಟರೂ ಒಡೆಯಲಿಲ್ಲ. ಒಬ್ಬ ಮನುಷ್ಯನನ್ನು ಹೆದರಿಸಿ ಅವನ ಬಾಯಿಂದಲೇ ಗುಟ್ಟು ಹೇಳಿಸಿದರು. ಅದಕ್ಕೆ ಬೇಕಾದದ್ದು ಒಂದು ಸಿಮ್ಮು, ಒಂದಿಷ್ಟು ಮಾತಿನ ಚಳಕ. ಹಾಗೆ ಹಣ ಹೋದ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ತಡವಾದಷ್ಟೂ ಹಣ ಕೈ ದಾಟುತ್ತದೆ. ಅಂಕೋಲೆಯವರಿಗೆ ಈ ಸಂಖ್ಯೆ ಮರೆಯುವ ಹಾಗೇ ಇಲ್ಲ. ಉಪ್ಪಿನ ಸತ್ಯಾಗ್ರಹದ ಇಸವಿ ಅದು.

ಇನ್ನು ಬೀಗದ ಮಾತು. ಈ ಚರ್ಚೆ ಕಂಪ್ಯೂಟರಿಗಿಂತ ಹಳೆಯದು. ಲಂಡನ್ನಿನ ಬ್ರಾಮಾ ಎಂಬ ಕಂಪನಿ ತನ್ನ ಬೀಗವನ್ನು ಅಂಗಡಿಯ ಕಿಟಕಿಯಲ್ಲಿಟ್ಟು, ಇದನ್ನು ಕೀಲಿಯಿಲ್ಲದೆ ತೆಗೆದವರಿಗೆ 200 ಗಿನಿ ಬಹುಮಾನ ಎಂದು ಬೋರ್ಡು ಹಾಕಿತ್ತು. ಅರವತ್ತು ವರ್ಷದ ಮೇಲಾದರೂ ಯಾರಿಂದಲೂ ಆಗಿರಲಿಲ್ಲ. 1851ರಲ್ಲಿ ದೊಡ್ಡ ವಸ್ತುಪ್ರದರ್ಶನಕ್ಕೆಂದು ಬಂದ ಅಮೆರಿಕದ ಬೀಗ ತಜ್ಞ ಆಲ್ಫ್ರೆಡ್ ಹಾಬ್ಸ್ ಮೊದಲು ಚಬ್ ಕಂಪನಿಯ ಹೆಸರಾಂತ ಬೀಗವನ್ನು 25 ನಿಮಿಷದಲ್ಲಿ ತೆಗೆದ. ಆಮೇಲೆ ಬ್ರಾಮಾ ಬೀಗಕ್ಕೆ ಕೂತ. ತೀರ್ಪುಗಾರರನ್ನು ನೇಮಿಸಿ, ಷರತ್ತು ಬರೆದುಕೊಂಡು, 16 ದಿನಗಳಲ್ಲಿ ಸುಮಾರು 51 ತಾಸು ಕೆಲಸ ಮಾಡಿ ಅದನ್ನೂ ತೆಗೆದ. ಊರೆಲ್ಲ ಗುಲ್ಲೆದ್ದಿತು. ಇಂಥದ್ದನ್ನು ಎಲ್ಲರೆದುರು ಹೇಳಿದರೆ ಕಳ್ಳರಿಗೆ ಪಾಠ ಮಾಡಿದ ಹಾಗಲ್ಲವೇ ಎಂದರು. ಕಳ್ಳರಿಗೆ ನಮಗಿಂತ ಜಾಸ್ತಿ ಮೊದಲೇ ಗೊತ್ತಿರುತ್ತದೆ, ಗೊತ್ತಿಲ್ಲದೆ ಇರುವವರು ಬೀಗ ಕೊಂಡವರು ಮಾತ್ರ ಎಂಬುದು ಹಾಬ್ಸನ ವಾದ. ನಾನು ಆತನ ಕಡೆ. ಬೀಗ ಒಡೆಯುವ ವಿದ್ಯೆ ಕಳ್ಳನ ಹತ್ತಿರ ಮಾತ್ರ ಇರುವ ಊರಿನಲ್ಲಿ ನಿಮಗೆ ನಿದ್ದೆ ಬಂದೀತೇ?

ಹಾಬ್ಸನಿಗೂ ಕಳ್ಳನಿಗೂ ಕೈಯಲ್ಲಿದ್ದ ಸಲಕರಣೆಯಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಹಾಬ್ಸ್ ಮೊದಲು ಕೇಳಿದ, ಆಮೇಲೆ ಮುಟ್ಟಿದ, ಕೊನೆಗೆ ಮಾಲೀಕನಿಗೆ ಹೇಳಿದ. ಇವತ್ತಿಗೂ ಎಥಿಕಲ್ ಹ್ಯಾಕರ್ ಮಾಡುವುದು ಇಷ್ಟೇ. ಬೆಂಗಳೂರಿನ ಆನಂದ್ ಪ್ರಕಾಶ್ 2016ರಲ್ಲಿ ಮಾಡಿದ್ದನ್ನು ನೋಡಿ. ಫೇಸ್‌ಬುಕ್‌ನಲ್ಲಿ ಪಾಸ್‌ವರ್ಡ್ ಮರೆತರೆ ಫೋನಿಗೆ ಆರಂಕಿಯ ಸಂಖ್ಯೆ ಬರುತ್ತದೆ. ಆರಂಕಿ ಎಂದರೆ ಹತ್ತು ಲಕ್ಷ ಸಾಧ್ಯತೆ. ಕೈಯಲ್ಲಿ ಒತ್ತುತ್ತಾ ಕೂತರೆ ತಿಂಗಳುಗಟ್ಟಲೆ ಬೇಕು, ಆದರೆ ಒಂದು ಪುಟ್ಟ ಪ್ರೋಗ್ರಾಂ ಬರೆದರೆ ಕಂಪ್ಯೂಟರ್ ಸುಮ್ನೆ ಒಂದೊಂದೇ ಒತ್ತಿ ನೋಡುತ್ತದೆ. ಅದಕ್ಕೇ ಹತ್ತು ಹನ್ನೆರಡು ಸಲ ತಪ್ಪಾದರೆ ಫೇಸ್‌ಬುಕ್ ಬಾಗಿಲು ಹಾಕುತ್ತಿತ್ತು. ಕಂಪನಿ ಪ್ರಯೋಗಕ್ಕೆಂದು ಇಟ್ಟಿದ್ದ ಇನ್ನೊಂದು ವಿಳಾಸದಲ್ಲಿ ಮಾತ್ರ ಈ ಮಿತಿ ಹಾಕಲು ಮರೆತಿದ್ದರು. ಅಂದರೆ ಯಾರ ಖಾತೆಯನ್ನು ಬೇಕಾದರೂ ತೆಗೆಯಬಹುದಿತ್ತು. ಆತ ಪರೀಕ್ಷೆ ಮಾಡಿದ್ದು ತನ್ನದೇ ಖಾತೆಯ ಮೇಲೆ. ಕೂಡಲೇ ಕಂಪನಿಗೆ ತಿಳಿಸಿದ, ಅವರು ಸರಿಪಡಿಸಿ 15,000 ಡಾಲರ್ ಕೊಟ್ಟರು. ಇಂಥ ಬಹುಮಾನಕ್ಕೆ ಬಗ್ ಬೌಂಟಿ ಎನ್ನುತ್ತಾರೆ.

ಎಲ್ಲರೂ ಹೀಗೆ ನಡೆದುಕೊಳ್ಳುವುದಿಲ್ಲ ಎಂಬುದೇ ನನ್ನ ದೊಡ್ಡ ಸಂಕಟ. ಅಣುಬಾಂಬು ತಯಾರಾಗುತ್ತಿದ್ದ ಕಾಲದಲ್ಲಿ ವಿಜ್ಞಾನಿ ರಿಚರ್ಡ್ ಫೈನ್ಮನ್ ಗುಟ್ಟಿನ ಕಡತಗಳಿದ್ದ ಬೀರುಗಳನ್ನು ತೆಗೆದು ತೋರಿಸುತ್ತಿದ್ದರು. ಬೀರು ತೆರೆದಿಟ್ಟು ಕೆಲಸ ಮಾಡುವಾಗ ಅದರ ಬೀಗದ ಕೊನೆಯ ಎರಡು ಸಂಖ್ಯೆ ಪತ್ತೆ ಮಾಡಬಹುದು ಎಂದು ಒಬ್ಬ ಕರ್ನಲ್‌ಗೆ ತಿಳಿಸಿ ಹೇಳಿದರು. ಕರ್ನಲ್ ಏನು ಮಾಡಿದ ಗೊತ್ತೇ? ಫೈನ್ಮನ್ ಯಾರ ಕೋಣೆಗೆ ಬಂದಿದ್ದರೋ ಅವರೆಲ್ಲ ಬೀಗದ ಸಂಖ್ಯೆ ಬದಲಿಸಬೇಕೆಂದು ಸುತ್ತೋಲೆ ಕಳಿಸಿದ. ಬೀರುಗಳು ಮೊದಲಿನ ಹಾಗೇ ತೆರೆದಿದ್ದವು. ಜನ ಸಿಟ್ಟಾದದ್ದು ಫೈನ್ಮನ್ ಮೇಲೆ.

ನಮ್ಮಲ್ಲೂ ಇದೇ ಕಥೆ. ನನಗೆ ಗೊತ್ತಿರುವ ಹುಡುಗನೊಬ್ಬ ಪರೀಕ್ಷೆಯ ಪ್ರವೇಶಪತ್ರ ತೆಗೆಯುತ್ತಿದ್ದ. ವಿಳಾಸದ ಸಾಲಿನ ತುದಿಯಲ್ಲಿ ಅವನ ನಂಬರು 1147 ಎಂದಿತ್ತು. ಬೆರಳು ತಪ್ಪಿ 1148 ಆಯಿತು. ತೆರೆದುಕೊಂಡದ್ದು ಸಹಪಾಠಿ ಹುಡುಗಿಯ ಫೋಟೊ, ಹುಟ್ಟಿದ ದಿನ, ಅವಳ ಅಪ್ಪನ ಫೋನ್ ನಂಬರು. ಓಡಿಹೋಗಿ ಕಚೇರಿಯಲ್ಲಿ ಹೇಳಿದ. "ನಿನಗೆ ಯಾರು ನೋಡೋಕೆ ಹೇಳಿದ್ದು?" ಎಂದು ಗದರಿದರು. ಅವನ ತಂದೆಯನ್ನು ಕರೆಸಿದರು. ಆ ಪುಟ ಮಾತ್ರ ಪರೀಕ್ಷೆ ಮುಗಿಯುವವರೆಗೂ ಹಾಗೇ ಇತ್ತು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಮಳೆಗಾಲದಲ್ಲಿ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟು ದಡಕ್ಕೆಳೆದು ತಳ ತಟ್ಟಿ ನೋಡುವವನಿಗೆ ಯಾವ ಮಾಲೀಕನಾದರೂ ಬೈಯುತ್ತಾನೆಯೇ? ತೂತು ತೋರಿಸಿದ್ದಕ್ಕೆ ಕೂಲಿ ಕೊಡುತ್ತಾನೆ.

ನಿಮ್ಮ ಭಯಕ್ಕೆ ಕಾರಣವೇ ಇಲ್ಲ ಎನ್ನುವುದಿಲ್ಲ. ಇಂಗ್ಲೆಂಡಿನ ಮಾರ್ಕಸ್ ಹಚಿನ್ಸ್ 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗನ್ನು ತಡೆದ. ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರುಗಳನ್ನೇ ಲಾಕ್ ಮಾಡಿ ಹಣ ಕೇಳುತ್ತಿದ್ದ ಪಿಡುಗು ಅದು. ಅದರೊಳಗೆ ಕಂಡ ಒಂದು ವಿಚಿತ್ರ ವೆಬ್ ವಿಳಾಸವನ್ನು ಆತ ತನ್ನ ಹೆಸರಿಗೆ ನೋಂದಾಯಿಸಿದ್ದೇ ಅದು ಹರಡುವುದು ನಿಂತಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಅವನ ಬಂಧನವೂ ಆಯಿತು. ಹಿಂದೆ ಬ್ಯಾಂಕಿನ ಪಾಸ್‌ವರ್ಡ್ ಕದಿಯುವ ಸಾಫ್ಟ್‌ವೇರ್ ಬರೆದಿದ್ದ. ತಪ್ಪೊಪ್ಪಿಕೊಂಡ. ಕಟ್ಟೆಯ ಆ ಕಡೆ ಈ ಕಡೆ ಎರಡೂ ನೋಡಿದವನು.

ಕಾನೂನೂ ಖಡಕ್ಕಾಗಿದೆ. 2000ದ ಐಟಿ ಕಾಯ್ದೆಯ 43ನೇ ಕಲಂ ಮಾಲೀಕನ ಅನುಮತಿಯಿಲ್ಲದೆ ಕಂಪ್ಯೂಟರಿನೊಳಗೆ ಹೋಗಬಾರದು ಎನ್ನುತ್ತದೆ. ಮೋಸದ ಉದ್ದೇಶವೂ ಇದ್ದರೆ 66ನೇ ಕಲಮಿನಂತೆ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಒಳ್ಳೆಯದಕ್ಕೇ ಮಾಡಿದೆ ಎಂಬ ಮಾತನ್ನು ಅನುಮತಿ ಪತ್ರದ ಜಾಗದಲ್ಲಿ ಇಡಲಾಗದು. ಮೊಮ್ಮಗನಿಗೆ ಇದನ್ನು ಕೂರಿಸಿ ಹೇಳಿ. ಆಕಸ್ಮಿಕವಾಗಿ ತೂತು ಕಂಡರೆ ಅಲ್ಲಿಗೇ ನಿಲ್ಲಿಸಿ ಸರ್ಟ್-ಇನ್‌ಗೆ ತಿಳಿಸಲಿ. ಕೇಂದ್ರ ಸರ್ಕಾರದ ಆ ಸಂಸ್ಥೆ ಇರುವುದೇ ಇಂಥ ಕೆಲಸಕ್ಕೆ.

ಆದರೆ ಅವನನ್ನು ತಡೆಯಬೇಡಿ. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಕಂಪ್ಯೂಟರ್ ಕೋಣೆಗೆ ಬೀಗ ಹಾಕಿ, ಯಂತ್ರದ ಮೇಲೆ ಬಟ್ಟೆ ಹೊದಿಸಿ, ಮಕ್ಕಳು ಮುಟ್ಟಿದರೆ ಹಾಳಾಗುತ್ತದೆ ಎನ್ನುವುದನ್ನು ಕಂಡಿದ್ದೇನೆ. ಕಚೇರಿಗಳಲ್ಲಿ ಮಾನಿಟರಿಗೆ ಪಾಸ್‌ವರ್ಡ್ ಬರೆದ ಚೀಟಿ ಅಂಟಿಸಿರುವುದನ್ನೂ ಕಂಡಿದ್ದೇನೆ. ಲಾಕ್‌ಡೌನಿನಲ್ಲಿ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿ, ಕೊಡೆ ಹಿಡಿದು ಪಾಠ ಕೇಳಿದ ಮಕ್ಕಳು ಇವರು. ಅವರ ಕುತೂಹಲಕ್ಕೆ ಇನ್ನೊಂದು ಬೀಗ ಬೇಡ.

ಮೂವತ್ತು ದಿನದಲ್ಲಿ ಹ್ಯಾಕರ್ ಮಾಡುತ್ತೇವೆ ಎನ್ನುವ ಜಾಹೀರಾತಿಗೆ ಮಾತ್ರ ದುಡ್ಡು ಕೊಡಬೇಡಿ. ಮುಖವಾಡದ ಚಿತ್ರ ಹಾಕಿ ಸರ್ಟಿಫಿಕೇಟ್ ಮಾರುವವರೇ ಹುಡುಗರ ತಲೆ ಕೆಡಿಸುತ್ತಿರುವುದು. ಮೊದಲು ನೆಟ್‌ವರ್ಕ್ ಹೇಗೆ ಕೆಲಸ ಮಾಡುತ್ತದೆಂದು ಓದಲಿ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಲಿಯಲಿ, ಪ್ರೋಗ್ರಾಂ ಬರೆಯುವ ಭಾಷೆಯಾದ ಪೈಥಾನ್ ಸ್ವಲ್ಪ ಕಲಿಯಲಿ. ಓವರ್‌ದವೈರ್ ಜಾಲತಾಣದ ಬ್ಯಾಂಡಿಟ್ ಎಂಬ ಕಲಿಕೆಯ ಆಟ, ಪೋರ್ಟ್‌ಸ್ವಿಗರ್ ಕಂಪನಿಯ ಆನ್‌ಲೈನ್ ಪಾಠಗಳು ಎರಡೂ ಬಿಟ್ಟಿ. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡರೆ ತನ್ನ ಲ್ಯಾಪ್‌ಟಾಪಿನಲ್ಲೇ ಬೇಕೆಂದೇ ತೂತು ಬಿಟ್ಟ ಯಂತ್ರ ಕಟ್ಟಿ ಅದನ್ನು ಒಡೆಯಬಹುದು, ಯಾರಿಗೂ ತೊಂದರೆಯಿಲ್ಲ.

ಇನ್ನೊಂದು ಕೆಲಸ ನಿಮ್ಮಿಂದಲೇ ಆಗಬೇಕು, ಅಕ್ಕೋರೇ. ಈ ವೃತ್ತಿಯಲ್ಲಿ ಅರ್ಧ ದುಡಿಮೆ ವರದಿ ಬರೆಯುವುದು. ನಿಮ್ಮ ಮನೆಯ ವೈಫೈ ರೂಟರನ್ನು ಪರೀಕ್ಷಿಸಲು ಅವನು ನಿಮ್ಮ ಹತ್ತಿರ ಅನುಮತಿ ಬರೆಸಿಕೊಳ್ಳಲಿ. ಯಾವ ದಿನ, ಏನೇನು ನೋಡುತ್ತಾನೆ, ಏನನ್ನು ಮುಟ್ಟುವುದಿಲ್ಲ, ಎಲ್ಲವೂ ಅದರಲ್ಲಿ ಇರಲಿ. ಮುಗಿದ ಮೇಲೆ ಏನು ಸಿಕ್ಕಿತು, ಹೇಗೆ ಸರಿಪಡಿಸಬೇಕು ಎಂದು ಎರಡು ಪುಟ ಬರೆದು ತರಲಿ. ನಿಮಗೆ ಅರ್ಥವಾಗದ ಕಡೆಯಲ್ಲೆಲ್ಲ ಕೆಂಪು ಗೆರೆ ಎಳೆದು ವಾಪಸ್ ಕೊಡಿ. ರೂಟರಿನ ಪಾಸ್‌ವರ್ಡ್ ಕಂಪನಿಯಿಂದ ಬಂದದ್ದೇ ಇನ್ನೂ ಇದ್ದರೆ ಅದನ್ನು ಅವತ್ತೇ ಬದಲಿಸಲು ಹೇಳಿ.