ಗಾಡಿ ಪ್ರಶ್ನೋತ್ತರ: ಭಾಗ ಬದಲಿಸಿದರೂ ನಿಲ್ಲದ ‘ಖಟ್’ ಸದ್ದು

ಪ್ರಶ್ನೆ: ನಮ್ಮ ಡೀಸೆಲ್ ಪಿಕಪ್‌ಗೆ ಹದಿಮೂರು ವರ್ಷ, ಓಡಿದ್ದು 2,10,000 ಕಿ.ಮೀ. ಮುಂದೆ ಡಬಲ್ ವಿಶ್‌ಬೋನ್ (ಚಕ್ರ ಹಿಡಿಯುವ ಮೇಲೊಂದು, ಕೆಳಗೊಂದು ಆರ್ಮ್), ಟಾರ್ಷನ್ ಬಾರ್ (ತಿರುಚಿ ಸ್ಪ್ರಿಂಗ್ ಕೆಲಸ ಮಾಡುವ ಸರಳು). ನಿಧಾನಕ್ಕೆ ಗುಂಡಿಗೆ ಇಳಿಸಿದರೆ ಎಡಗಡೆ ‘ಖಟ್’ ಅನ್ನುತ್ತದೆ, ಹೆದ್ದಾರಿಯಲ್ಲಿ ಸದ್ದಿಲ್ಲ. ಶಾಕ್ ಅಬ್ಸಾರ್ಬರ್, ಕೆಳಗಿನ ಬಾಲ್ ಜಾಯಿಂಟ್ (ಆರ್ಮ್ ಮತ್ತು ಚಕ್ರದ ಕಡೆ ಸೇರುವ ಗುಂಡು ಕೀಲು) ಎರಡೂ ಕಡೆ ಹೊಸದು ಹಾಕಿಸಿದ್ದಾಯಿತು. ಜಾಕಿ ಹಾಕಿ ಚಕ್ರ ಅಲ್ಲಾಡಿಸಿದರೆ ಏನೂ ಪ್ಲೇ (ಸಡಿಲ) ಇಲ್ಲ. ಮುಂದೇನು ಬದಲಿಸೋಣ?
— ಓದುಗರು, ಬ್ಯಾಡಗಿ

ಉತ್ತರ: ಸದ್ಯಕ್ಕೆ ಏನನ್ನೂ ಬದಲಿಸಬೇಡಿ. ಸದ್ದು ಯಾವಾಗ ಬರುತ್ತದೆ ಎಂಬುದನ್ನು ಮೊದಲು ಬಿಡಿಸಿಕೊಳ್ಳಿ. ರಸ್ತೆಗೆ ಅಡ್ಡವಾಗಿರುವ ಹಂಪ್ ಮೇಲೆ ಎರಡೂ ಮುಂದಿನ ಚಕ್ರ ಒಟ್ಟಿಗೆ ಹತ್ತುವಂತೆ ನೇರವಾಗಿ ಹೋಗಿ. ಆಮೇಲೆ ಅದೇ ವೇಗದಲ್ಲಿ ಎಡ ಚಕ್ರವನ್ನಷ್ಟೇ ಗುಂಡಿಗೆ ಇಳಿಸಿ. ಒಂದೇ ಚಕ್ರ ಇಳಿದಾಗ ಮಾತ್ರ ಸದ್ದು ಬಂದರೆ ಮೊದಲ ಅನುಮಾನ, ಎಡ-ಬಲ ಬದಿಗಳನ್ನು ಜೋಡಿಸಿ ಗಾಡಿ ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರ್ ಮೇಲೆ. ಎರಡೂ ಚಕ್ರ ಒಟ್ಟಿಗೆ ಏರಿದರೆ ಆ ಬಾರ್ ತನ್ನ ಬುಷ್‌ನಲ್ಲಿ (ಹಿಡಿದಿಡುವ ರಬ್ಬರ್ ಕೊಳವೆ) ಸುಮ್ಮನೆ ತಿರುಗುತ್ತದೆ. ಒಂದೇ ಏರಿದಾಗ ತಿರುಚಿಕೊಳ್ಳುತ್ತದೆ, ಅದರ ತುದಿಯನ್ನು ಚಕ್ರದ ಕಡೆಗೆ ಸೇರಿಸುವ ಲಿಂಕ್‌ನಲ್ಲಿ ಸವೆದ ಜಾಗ ಬಡಿಯುವುದು ಆಗಲೇ.

ಖಾತ್ರಿ ಮಾಡಿಕೊಳ್ಳಲು ಕಾಸು ಖರ್ಚಿಲ್ಲ. ಲಿಂಕ್‌ಗಳನ್ನು ಎರಡೂ ಬದಿಯಲ್ಲಿ ಕಳಚಿ, ಬಾರ್‌ನ ತುದಿಗಳು ಯಾವುದಕ್ಕೂ ತಾಗದಂತೆ ಕಟ್ಟಿ, ಅದೇ ಗುಂಡಿಗೆ ಗಂಟೆಗೆ 20 ಕಿ.ಮೀ. ಮೀರದಂತೆ ಹೋಗಿ. ತಿರುವಿನಲ್ಲಿ ಗಾಡಿ ಹೆಚ್ಚು ವಾಲುತ್ತದೆ, ಆದ್ದರಿಂದ ಖಾಲಿ ರಸ್ತೆಯಲ್ಲೇ ಮಾಡಿ. ಸದ್ದು ನಿಂತಿತೋ, ಲಿಂಕ್ ಅಥವಾ ಬಾರ್‌ನ ಬುಷ್. ಅಲ್ಲಿಗೆ ಹುಡುಕಾಟ ಮುಗಿಯಿತು.

ನಿಲ್ಲದಿದ್ದರೆ ಬಾಲ್ ಜಾಯಿಂಟ್‌ಗೆ ಮರಳಬೇಕು. ಕೆಳಗಿನದು ಹೊಸದು ನಿಜ, ಮೇಲಿನದು ಹಳೆಯದೇ ತಾನೆ? ‘ಪ್ಲೇ ಇಲ್ಲ’ ಎಂಬ ತೀರ್ಮಾನವನ್ನೂ ನಾವು ಒಪ್ಪುವುದಿಲ್ಲ, ಏಕೆಂದರೆ ಜಾಕಿ ಎಲ್ಲಿ ಕೊಟ್ಟರು ಎಂಬುದರ ಮೇಲೆ ಎಲ್ಲ ನಿಂತಿದೆ. ಟಾರ್ಷನ್ ಬಾರ್ ಕೆಳಗಿನ ಆರ್ಮ್‌ಗೆ ಸೇರಿದ್ದು, ಜಾಕಿ ಚಾಸಿಸ್ ಕೆಳಗಿದ್ದರೆ, ಚಕ್ರ ಜೋತು ಬೀಳುತ್ತದೆ. ಆಗ ಟಾರ್ಷನ್ ಬಾರ್‌ನ ಒತ್ತಡವೇ ಜಾಯಿಂಟನ್ನು ಬಿಗಿಯಾಗಿ ಹಿಡಿದಿಡುತ್ತದೆ, ಸವೆತ ಕೈಗೆ ಸಿಗುವುದೇ ಇಲ್ಲ. ಜಾಕಿಯನ್ನು ಕೆಳ ಆರ್ಮ್‌ನ ಕೆಳಗೆ, ಬಾಲ್ ಜಾಯಿಂಟ್‌ಗೆ ಆದಷ್ಟು ಹತ್ತಿರ ಕೊಡಿ. ಕಾಯಿಲ್ ಸ್ಪ್ರಿಂಗ್ ಕೆಳ ಆರ್ಮ್ ಮೇಲೆ ಕೂತಿರುವ ಗಾಡಿಗೂ ಇದೇ ಕ್ರಮ. ಟಾರ್ಷನ್ ಬಾರ್ ಮೇಲಿನ ಆರ್ಮ್‌ಗೆ ಸೇರಿದ್ದರೆ ಮಾತ್ರ ಚಾಸಿಸ್ ಕೆಳಗೆ ಜಾಕಿ. ಹಿಂದಿನ ಚಕ್ರಗಳಿಗೆ ಕಲ್ಲು, ಚಾಸಿಸ್‌ಗೆ ಸ್ಟ್ಯಾಂಡ್ ಇಡದೆ ಕೆಳಗೆ ತಲೆ ಹಾಕಬೇಡಿ.

ಈಗ ಚಕ್ರದ ತಲೆ ಮತ್ತು ಬುಡ ಹಿಡಿದು ಒಳಕ್ಕೆ ಹೊರಕ್ಕೆ ಅಲ್ಲಾಡಿಸಿ. ಪ್ಲೇ ಕಂಡರೆ ಮತ್ತೊಬ್ಬರಿಂದ ಬ್ರೇಕ್ ಒತ್ತಿಸಿ. ಬ್ರೇಕ್ ಹಿಡಿದಾಗ ಪ್ಲೇ ಮಾಯವಾದರೆ ವೀಲ್ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್. ಬಳಿಕ ಟೈರ್ ಕೆಳಗೆ ಉದ್ದದ ಸಬ್ಬಲು ಕೊಟ್ಟು ಮೇಲಕ್ಕೆ ಎತ್ತಿ. ಮೇಲೆ-ಕೆಳಗಿನ ಸಡಿಲ ಇದರಲ್ಲೇ ಗೊತ್ತಾಗುವುದು.

ಸ್ಟಿಯರಿಂಗ್ ಜಾಯಿಂಟ್‌ಗಳನ್ನು ಮಾತ್ರ ಜಾಕಿ ಮೇಲೆ ಪರೀಕ್ಷಿಸಬೇಡಿ, ಚಕ್ರ ನೆಲದ ಮೇಲೇ ಇರಲಿ. ಎಂಜಿನ್ ಚಾಲೂ ಇಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಸ್ಟಿಯರಿಂಗನ್ನು ಎಡ-ಬಲ ಸ್ವಲ್ಪ ಸ್ವಲ್ಪ ಆಡಿಸುತ್ತಿರಲಿ. ಇನ್ನೊಬ್ಬರು ಟೈ ರಾಡ್ ಎಂಡ್, ಸ್ಟಿಯರಿಂಗ್ ಬಾಕ್ಸ್ ಅಥವಾ ರ‍್ಯಾಕ್‌ನ ಬೋಲ್ಟು, ಕಾಲಂನ ಯೂನಿವರ್ಸಲ್ ಜಾಯಿಂಟ್ ಮೇಲೆ ಒಂದೊಂದಾಗಿ ಕೈ ಇಡಲಿ. ಸಡಿಲವಿದ್ದಲ್ಲಿ ಏಟು ಬೆರಳಿಗೇ ತಾಗುತ್ತದೆ. ಕಿವಿ ನಂಬಬೇಡಿ: ಉಕ್ಕಿನ ಚಾಸಿಸ್‌ನಲ್ಲಿ ಸದ್ದು ಹರಿದು ಎಡದ್ದು ಬಲದಲ್ಲಿ ಕೇಳುವುದು ಮಾಮೂಲು.

ಗುಂಡಿಯಲ್ಲಿ ಇಳಿಯುವಾಗ ಬ್ರೇಕ್ ಪೆಡಲ್ ಹಗುರವಾಗಿ ಒತ್ತಿ ಹಿಡಿಯಿರಿ. ಸದ್ದು ಅಡಗಿದರೆ ಕ್ಯಾಲಿಪರ್ ಪಿನ್ ಅಥವಾ ಪ್ಯಾಡ್ ಕ್ಲಿಪ್ ಸಡಿಲ. ಹೊಸ ಶಾಕ್ ಅಬ್ಸಾರ್ಬರ್‌ನ ಮೇಲಿನ ನಟ್ ಮತ್ತು ರಬ್ಬರ್ ವಾಷರ್ ಕೂಡ ನೋಡಿ. ಹೊಸ ಭಾಗವೆಂದು ಬಿಟ್ಟುಬಿಡುವ ಜಾಗ ಇದು. ಕ್ಯಾಬಿನ್ ಮೌಂಟ್ ರಬ್ಬರ್ ಕುಗ್ಗಿ ಕ್ಯಾಬಿನ್ನೇ ಚಾಸಿಸ್‌ಗೆ ಬಡಿಯುವುದೂ ಈ ವಯಸ್ಸಿನ ಪಿಕಪ್‌ನಲ್ಲಿ ಉಂಟು. ಬಡಿದಲ್ಲಿ ತುಕ್ಕು ಹೋಗಿ ಕಬ್ಬಿಣ ಹೊಳೆಯುತ್ತಿರುತ್ತದೆ.

ಕೊನೆಗೆ ಆರ್ಮ್ ಬುಷ್ಷೇ ಹೋಗಿದೆ ಎಂದಾದರೆ ಒಂದು ಮಾತು ತಪ್ಪಿಸಬೇಡಿ. ಬುಷ್ ಬೋಲ್ಟನ್ನು ಕೊನೆಯ ಬಿಗಿ ಕೊಡುವುದು ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ. ಚಕ್ರ ಜೋತಿರುವಾಗಲೇ ಬಿಗಿದರೆ ಗಾಡಿ ಇಳಿಸಿದೊಡನೆ ರಬ್ಬರ್ ತಿರುಚಿ ನಿಲ್ಲುತ್ತದೆ, ಬೇಗ ಹರಿಯುತ್ತದೆ. ಹೊಸ ಬುಷ್ ‘ಡೂಪ್ಲಿಕೇಟ್’ ಎಂದು ಅಂಗಡಿಯವರನ್ನು ಬೈಯುತ್ತೇವೆ. ಟಾರ್ಷನ್ ಬಾರ್‌ನ ಅಡ್ಜಸ್ಟರ್ ಬೋಲ್ಟಿನ ಎಳೆ ಎಷ್ಟು ಹೊರಗಿದೆಯೆಂದು ಸಡಿಲಿಸುವ ಮುಂಚೆ ಅಳೆದಿಟ್ಟುಕೊಳ್ಳಿ. ಅದರಲ್ಲಿ ತುಂಬಿರುವ ಒತ್ತಡ ಕೈ ಮುರಿಯುವಷ್ಟಿರುತ್ತದೆ, ಸರಿಯಾದ ಟೂಲ್ ಇರುವವರೇ ಮಾಡಲಿ. ನಂತರ ಅಲೈನ್‌ಮೆಂಟ್ ಕಡ್ಡಾಯ.

ಪ್ರಶ್ನೆ: ಮುಂದೆಯೂ ಲೀಫ್ ಸ್ಪ್ರಿಂಗ್ ಇರುವ ಹಳೆ ಪಿಕಪ್. ಲೋಡ್ ಇದ್ದಾಗ ಬ್ರೇಕ್ ಹಿಡಿದರೆ ‘ಧಡ್’, ಮತ್ತೆ ಹೊರಟಾಗ ಇನ್ನೊಮ್ಮೆ.
— ಓದುಗರು, ಶಿರಸಿ

ಉತ್ತರ: ಆಕ್ಸಲ್ ಹಿಂದೆ ಮುಂದೆ ಜಾರುತ್ತಿರಬಹುದು. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಬದಿಯಲ್ಲಿ ಟೇಪ್ ಹಿಡಿದು ಅಳೆಯಿರಿ, ಚಕ್ರ ನೇರವಿರಲಿ. ಒಂದು ಕಡೆ ಕಡಿಮೆ ಬಂದರೆ ಪಟ್ಟಿಗಳ ನಡುವಿನ ಸೆಂಟರ್ ಬೋಲ್ಟ್ ತುಂಡಾಗಿರುವ ಸಾಧ್ಯತೆ ಹೆಚ್ಚು. ಅದು ತುಂಡಾಗುವುದು ಸಾಮಾನ್ಯವಾಗಿ ಆಕ್ಸಲನ್ನು ಪಟ್ಟಿಗೆ ಬಿಗಿಯುವ ಯು-ಬೋಲ್ಟ್ ಸಡಿಲವಾದ್ದರಿಂದ, ಹಾಗಾಗಿ ಸೆಂಟರ್ ಬೋಲ್ಟ್ ಒಂದನ್ನೇ ಹಾಕಿ ಬಿಟ್ಟರೆ ಮತ್ತೆ ತುಂಡಾಗುತ್ತದೆ. ಯು-ಬೋಲ್ಟ್, ನಟ್ ಎಲ್ಲ ಹೊಸದೇ ಹಾಕಿ. ಒಮ್ಮೆ ಎಳೆದ ಹಳೆಯದಕ್ಕೆ ಅದೇ ಬಿಗಿ ಉಳಿಯುವುದಿಲ್ಲ. ಎದುರು ಮೂಲೆಯ ನಟ್‌ಗಳನ್ನು ಸರದಿಯಂತೆ ಹಂತಹಂತವಾಗಿ ಬಿಗಿದು, ಲೋಡ್‌ನಲ್ಲಿ 500 ಕಿ.ಮೀ. ಓಡಿಸಿ ಮತ್ತೆ ಟಾರ್ಕ್ ವ್ರೆಂಚ್ ಹಿಡಿಸಿ. ಅಳತೆ ಸಮನಾಗಿದ್ದರೆ ಪಟ್ಟಿಯ ತುದಿಯನ್ನು ಚಾಸಿಸ್‌ಗೆ ಸೇರಿಸುವ ಶ್ಯಾಕಲ್‌ನ ಪಿನ್ ಮತ್ತು ಬುಷ್ ನೋಡಿ.

ಪ್ರಶ್ನೆ: ಸದ್ದು ಬರುವ ಬುಷ್‌ಗೆ ಗ್ರೀಸ್ ಹಚ್ಚಿದರೆ ಸಾಕಲ್ಲವೇ?
— ಓದುಗರು, ಹುಣಸೂರು

ಉತ್ತರ: ಸಾಲದು. ರಬ್ಬರ್ ಬುಷ್‌ಗೆ ಸಾದಾ ಗ್ರೀಸ್ ಅಥವಾ ಡೀಸೆಲ್ ಹಚ್ಚಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ‘ಕಿರ್’ ಎನ್ನುವ ಉಜ್ಜಾಟಕ್ಕೆ ಸಿಲಿಕೋನ್ ಗ್ರೀಸ್ ಆದೀತು, ‘ಖಟ್’ ಎಂದರೆ ಭಾಗವೇ ಸವೆದಿದೆ. ಗ್ರೀಸ್ ತುಂಬುವ ನಿಪ್ಪಲ್ ಇರುವ ಕಿಂಗ್ ಪಿನ್‌ಗೆ (ಮುಂದಿನ ಚಕ್ರ ಎಡ-ಬಲ ತಿರುಗುವ ಪಿನ್) ಮಾತ್ರ ಗ್ರೀಸ್ ಬೇಕೇಬೇಕು. ಅದನ್ನೂ ಮುಂದಿನ ಆಕ್ಸಲ್ ಎತ್ತಿ, ಚಕ್ರ ನೆಲ ಬಿಟ್ಟಿರುವಾಗ ಹೊಡೆಯಿರಿ. ಭಾರ ಕೂತಿದ್ದರೆ ಒತ್ತಿಕೊಂಡಿರುವ ಮೈಗೆ ಗ್ರೀಸ್ ಇಳಿಯುವುದಿಲ್ಲ.